ನಮ್ಮ ಮಕ್ಕಳ ತಲೆಗೆ ಹತ್ತುವುದಿಲ್ಲವೇ?

ಸೂಟಿಗೆ ಊರಿಗೆ ಹೋದಾಗಲೆಲ್ಲ ನಾವು ಒಂದು ಆಟ ನೋಡುತ್ತೇವೆ. ಕೇರಿಯ ಮೂರನೇ ಇಯತ್ತೆ ಹುಡುಗಿ ಪುಸ್ತಕ ಬಿಚ್ಚಿ ಪಾಠ ಓದುತ್ತಾಳೆ. ಗಡಗಡ ಓದುತ್ತಾಳೆ, ಎಲ್ಲೂ ತಡವರಿಸುವುದಿಲ್ಲ. ಅವರವ್ವ ಬಾಗಿಲಲ್ಲಿ ನಿಂತು ಹಿಗ್ಗುತ್ತಾಳೆ. ನಾವು ಮೆಲ್ಲಗೆ ಹಾಳೆ ಹೊರಳಿಸುತ್ತೇವೆ. ಹುಡುಗಿ ಹಿಂದಿನ ಹಾಳೆಯ ಪಾಠವನ್ನೇ ಒದರುತ್ತ ಹೋಗುತ್ತಾಳೆ. ನಡುವಿನ ಒಂದು ಶಬ್ದದ ಮೇಲೆ ಬೆರಳಿಟ್ಟು "ಇದೇನವಾ?" ಅಂದರೆ ಸುಮ್ಮನಾಗುತ್ತಾಳೆ. ಅವಳು ಓದುತ್ತಿರಲಿಲ್ಲ. ಕಿವಿಯಿಂದ ಬಂದದ್ದನ್ನು ಬಾಯಿಂದ ಬಿಡುತ್ತಿದ್ದಳು.

ಇಡೀ ಪಾಠ ಬಾಯಿಪಾಠ ಮಾಡಿದ ತಲೆ ದಡ್ಡ ತಲೆಯೇ? ಆದರ ಸಾಲಿಯೊಳಗ ಹೇಳೂದೇನು? "ಇವರ ತಲಿಗೆ ಹತ್ತೂದಿಲ್ಲ ಬಿಡ್ರಿ." ಈ ಮಾತು ಕೇಳಿಯೇ ನಾವೂ ಬೆಳೆದೆವು. ನಮ್ಮಲ್ಲಿ ಕೆಲವರು ಐದನೇ ಇಯತ್ತೆಯವರೆಗೆ ಗೋಡೆಗೆ ಆನಿಕೊಂಡು ಕೂತು, ಮುಂದಿನವರ ತುಟಿ ನೋಡಿ ತುಟಿ ಅಲುಗಾಡಿಸಿದವರು.

ಧಾರವಾಡದ ನೆಲದಲ್ಲಿ ಈ ಮಾತಿಗೆ ವಯಸ್ಸು ಬಹಳ. 1856ರಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಆಗಲ್ಲ ಅಂದಿತು. ಇವನೊಬ್ಬನ ಸಲುವಾಗಿ ಉಳಿದವರೆಲ್ಲ ಸಾಲಿ ಬಿಟ್ಟರೆ ಹೇಗೆ ಎಂಬುದು ಅವರ ಲೆಕ್ಕ. 1858ರಲ್ಲಿ ಕಂಪನಿಯ ದೊರೆಗಳು ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದದ್ದು ಎಂದು ಕಾಗದದ ಮೇಲೆ ಬರೆದರು. ಆ ಕಾಗದ ಕೇರಿಯವರೆಗೆ ನಡೆದು ಬರಲು ಎಷ್ಟು ವರ್ಷ ಹಿಡಿಯಿತು ಎಂದು ನಮ್ಮ ಅಜ್ಜಂದಿರನ್ನು ಕೇಳಬೇಕು. ಬಾಬಾಸಾಹೇಬರು ಧಾರವಾಡದಲ್ಲೂ ನಮ್ಮ ಹುಡುಗರಿಗೆ ಹಾಸ್ಟೆಲ್ಲು ಮಾಡಿಸಿದ್ದು ಸುಮ್ಮನೆ ಅಲ್ಲ.

ಈಗ ಬಾಗಿಲು ತೆರೆದಿದೆ. ಹೆಸರು ಹಚ್ಚುತ್ತಾರೆ, ಊಟ ಹಾಕುತ್ತಾರೆ, ಹಾಲು ಕೊಡುತ್ತಾರೆ. ಆದರೆ ಒಳಗೊಂದು ಎರಡನೇ ಬಾಗಿಲಿದೆ. ಅದರ ಹೆಸರು ಅಕ್ಷರ. 2024ರ ಅಸರ್ ಸಮೀಕ್ಷೆ ದೇಶದ ಹಳ್ಳಿಗಳ ಲೆಕ್ಕ ಹೇಳುತ್ತದೆ: ಮೂರನೇ ಇಯತ್ತೆಯ 100 ಮಕ್ಕಳಲ್ಲಿ ಎರಡನೇ ಇಯತ್ತೆಯ ಪಾಠ ಓದಬಲ್ಲವರು ಸುಮಾರು 27. ಉಳಿದ 73 ಮಕ್ಕಳ ತಲೆಗೂ ಹತ್ತುವುದಿಲ್ಲವೇ? ಅಷ್ಟು ಮಂದಿ ದಡ್ಡರು ಹುಟ್ಟಿದ್ದರೆ ಈ ದೇಶದಲ್ಲಿ ಬಿತ್ತನೆ ಕೂಡ ನಡೆಯುತ್ತಿರಲಿಲ್ಲ.

ಗೆಳೆಯರೇ, ಮಕ್ಕಳು ಓದು ಕಲಿಯುವುದು ಹೇಗೆ ಎಂದು ಕೂತು ನೋಡಿ ಬರೆದವರಿದ್ದಾರೆ. ಅದನ್ನು ನಾವು ಓದಬೇಕು. ಯಾಕಂದರೆ ಅದು ನಮ್ಮ ಪರವಾದ ಸಾಕ್ಷಿ.

ಕನ್ನಡದ ಮೂಲ ಅಕ್ಷರ 49. ಕಾಗುಣಿತ ಹಿಡಿದರೆ ನಾನೂರು ದಾಟುತ್ತವೆ. ಮೇಲೆ ಒತ್ತಕ್ಷರ ಬೇರೆ. 'ಸೂರ್ಯ' ಎಂದು ಬರೆದು ನೋಡಿ. ಕಣ್ಣಿಗೆ ಮೊದಲು ಬೀಳುವುದು ಯ, ನಾಲಿಗೆ ಮೊದಲು ಹೇಳಬೇಕಾದದ್ದು ರ. ಆರು ವರ್ಷದ ಕೂಸಿಗೆ ಇದು ಸಣ್ಣ ಕೆಲಸವಲ್ಲ. ಸೋನಾಲಿ ನಾಗ್ ಎಂಬ ಮನಃಶಾಸ್ತ್ರಜ್ಞೆ ಕನ್ನಡ ಓದು ಕಲಿಯುವ ಮಕ್ಕಳ ಮೇಲೆ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಮ್ಮ ಅಕ್ಷರಗಳನ್ನು ಪೂರಾ ಕಲಿಯಲು ಒಂದೆರಡು ವರ್ಷ ಸಾಲದು, ಇಂಗ್ಲಿಷಿನ ಅಕ್ಷರಕ್ಕಿಂತ ಹೆಚ್ಚು ಕಾಲ ಬೇಕು ಎಂದು ಅದರಲ್ಲಿ ಕಂಡಿತು. ಅಂದರೆ ಮೂರನೇ ಇಯತ್ತೆಯಲ್ಲಿ ಎಡವುವ ಕೂಸು ಇನ್ನೂ ದಾರಿಯಲ್ಲಿದೆ, ಅಷ್ಟೆ. ಆದರೆ ಸಾಲಿಯ ಲೆಕ್ಕದಲ್ಲಿ ಅಕ್ಷರ ಕಲಿಸುವುದು ಅಷ್ಟರಲ್ಲಿ ಮುಗಿದಿರುತ್ತದೆ. ಮನೆಯಲ್ಲಿ ಹೇಳಿಕೊಡುವವರಿದ್ದ ಕೂಸು ಹೆಂಗೋ ದಾಟುತ್ತದೆ. ಅವ್ವ ಮೆಣಸಿನಕಾಯಿ ಬಿಡಿಸಲು, ಅಪ್ಪ ಕಡ್ಲಿ ಕೀಳಲು ಹೋದ ಮನೆಯ ಕೂಸು ದಾರಿಯಲ್ಲೇ ಕೂರುತ್ತದೆ. ಕೂತದ್ದಕ್ಕೆ ಜಾತಿಯ ಹೆಸರು ಹಚ್ಚುತ್ತಾರೆ.

ಸರ್ಕಾರ ಏನೂ ಮಾಡಿಲ್ಲ ಎಂದು ನಾವು ಹೇಳುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಮಾಸ್ತರುಗಳು ರಿಷಿ ವ್ಯಾಲಿಯ ಪದ್ಧತಿ ನೋಡಿಬಂದು ನಲಿಕಲಿ ಕಟ್ಟಿದರು. 2009-10ರ ಹೊತ್ತಿಗೆ ಅದು ನಮ್ಮ ನವಲಗುಂದ, ಕುಂದಗೋಳ, ಕಲಘಟಗಿಯ ಸಾಲಿಗಳಿಗೂ ಬಂತು. ಅಂಕಲಿಪಿಯ ಅ ಆ ಇ ಈ ಬಿಟ್ಟು 'ರ ಗ ಸ ದ ಅ' ಇಂದ ಶುರು. ಬರೆಯಲು ಸಲೀಸು, ಕೂಡಲೇ ಶಬ್ದವೂ ಆಗುತ್ತದೆ: ಸರ, ದರ, ಗರಗಸ. ಆ ಐದೇ ಅಕ್ಷರದಲ್ಲಿ ಅರಸನೂ ಬರುತ್ತಾನೆ, ಅಗಸನೂ ಬರುತ್ತಾನೆ. ನಡುವೆ ಒಂದಕ್ಷರದ ಫರಕು. ಬೆಂಚಿಲ್ಲದೆ ದುಂಡಗೆ ಕೂತು ಕಾರ್ಡು ಹಿಡಿದು ಕಲಿಯುವ ಈ ಪದ್ಧತಿಯಲ್ಲಿ ಹಿಂದಿನ ಸಾಲೇ ಇಲ್ಲ. ಇದು ನಮಗೆ ಮೆಚ್ಚುಗೆ.

ಆದರೆ ಪದ್ಧತಿ ಒಳ್ಳೇದಿದ್ದರೆ ಸಾಕೇ? ಮೂರು ಇಯತ್ತೆ ಕೂಡಿಸಿ ಒಬ್ಬರೇ ಅಕ್ಕೋರು. ಅವರಿಗೂ ನೂರೆಂಟು ರಿಜಿಸ್ಟರು, ಗಣತಿ, ಚುನಾವಣೆ. ಯಾದಗಿರಿಯಲ್ಲಿ ಶೈಲಜಾ ಮೆನನ್ ಅವರ ತಂಡ ಒಂದನೇ ಇಯತ್ತೆಯಿಂದ ಮೂರನೆಯವರೆಗೆ ಮಕ್ಕಳ ಬೆನ್ನು ಹತ್ತಿ ನೋಡಿತು. ಅಲ್ಲಿ ಕಂಡದ್ದು: ಹೊತ್ತೆಲ್ಲ ಅಕ್ಷರ ತಿದ್ದುವುದರಲ್ಲಿ, ನೋಡಿ ಬರೆಯುವುದರಲ್ಲಿ ಹೋಗುತ್ತದೆ. ಕತೆ ಕೇಳುವುದು, ಅರ್ಥ ಹೇಳುವುದು, ತನ್ನ ಮಾತು ತಾನು ಬರೆಯುವುದು ಬಹಳ ಕಡಿಮೆ. ಮೂರು ವರ್ಷ ಸಾಲಿಗೆ ಬಂದ ಮೇಲೂ ಬಹಳ ಮಕ್ಕಳಿಗೆ ಓದು ಹತ್ತಿರಲಿಲ್ಲ.

ಇನ್ನು ನಾಲಿಗೆಯ ಮಾತು. ನಮ್ಮ ಕೂಸು "ಅವ್ವ ಹೊಲಕ್ಕ ಹೋಗ್ಯಾಳ್ರಿ" ಅನ್ನುತ್ತದೆ. "ಹಂಗಲ್ಲ, ಹೋಗಿದ್ದಾಳೆ ಅನ್ನು" ಎಂದು ಗದರುತ್ತಾರೆ. ಎರಡು ಸಲ ಗದರಿದರೆ ಮೂರನೇ ಸಲ ಕೂಸು ಬಾಯಿ ಬಿಡುವುದಿಲ್ಲ. ಬಾಯಿ ಬಿಡದ ಕೂಸು ಓದುವುದೆಲ್ಲಿಂದ? ಪುಸ್ತಕದ ಭಾಷೆ ಬೇಡ ಎಂದು ನಾವು ಅನ್ನುವುದಿಲ್ಲ. ಅದು ನಮಗೆ ಬೇಕೇ ಬೇಕು. ಪಂಪನ ಊರೆಂದು ಹೆಮ್ಮೆಪಡುವ ಅಣ್ಣಿಗೇರಿಯ ಕೇರಿ ಮಕ್ಕಳು ಪಂಪನನ್ನೂ ಓದಬೇಕು. ಆದರೆ ಮನೆಯ ಮಾತಿನ ಮೆಟ್ಟಿಲು ಮುರಿದು ಅಟ್ಟ ಹತ್ತು ಅಂದರೆ ಯಾರು ಹತ್ತುತ್ತಾರೆ?

ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಅಕ್ಕೋರು ಮಾವೊರಿ ಮಕ್ಕಳಿಗೆ ಕಲಿಸುತ್ತಿದ್ದರು. ಅಲ್ಲಿಯೂ ಆ ಮಕ್ಕಳು ಹಿಂದುಳಿದವರೆಂಬ ಮಾತಿತ್ತು. ಆಕೆ ದಿನಾ ಒಂದೊಂದು ಕೂಸನ್ನು ಕರೆದು, ನಿನಗೆ ಯಾವ ಶಬ್ದ ಬೇಕು ಎಂದು ಕೇಳಿ, ಅದನ್ನೇ ರಟ್ಟಿನ ಮೇಲೆ ಬರೆದುಕೊಟ್ಟರು. ಮಕ್ಕಳು ತಾವು ಹೆದರುವ, ತಾವು ಪ್ರೀತಿಸುವ ಶಬ್ದ ಕೇಳಿದರು. ಅಂಥ ಶಬ್ದವನ್ನು ಒಮ್ಮೆ ನೋಡಿದರೆ ಮರೆಯಲಿಲ್ಲ. 1963ರಲ್ಲಿ ಆಕೆಯ ಪುಸ್ತಕ ಬಂತು. ನಮ್ಮ ಕೇರಿಯ ಕೂಸು ಯಾವ ಶಬ್ದ ಕೇಳೀತು? ರೊಟ್ಟಿ? ಅವ್ವ? ನೀರು? ಯಾರಾದರೂ ಇನ್ನೂ ಕೇಳಿದ್ದಾರೆಯೇ?

ಕೆಲವು ಗೆಳೆಯರು ಅನ್ನುತ್ತಾರೆ: ಭೂಮಿ ಇಲ್ಲ, ಕೂಲಿ ಇಲ್ಲ, ಬಾವಿ ಮುಟ್ಟಲು ಬಿಡುವುದಿಲ್ಲ. ಅದು ಬಿಟ್ಟು ಕೂಸುಗಳ ಕಾಗುಣಿತ ಹಿಡಿದು ಕೂತೀರಾ? ನಾವು ಕೇಳುತ್ತೇವೆ: ಭೂಮಿಯ ಕಾಗದ ಓದುವವರು ಯಾರು? ಹಾಜರಿ ಪುಸ್ತಕದಲ್ಲಿ ಕೂಲಿ ದಿನ ಎಣಿಸುವವರು ಯಾರು? ಫಿರ್ಯಾದಿಯಲ್ಲಿ ಪೊಲೀಸರು ಬರೆದದ್ದೇನೆಂದು ನೋಡುವವರು ಯಾರು? ಹೆಬ್ಬೆಟ್ಟು ಒತ್ತಿ ನಮ್ಮ ಹಿರಿಯರು ಕಳಕೊಂಡದ್ದು ಸಾಕು.

ಆದ್ದರಿಂದ ಹಾಸ್ಟೆಲ್ಲಿನ ಗೆಳೆಯರೇ, ಮುಂದಿನ ಸೂಟಿಗೆ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯಬೇಡಿ. ಐದು ಕೂಸು ಕೂಡಿಸಿ, ದಿನಕ್ಕೊಂದು ತಾಸು. ಮೊದಲು ಒಂದು ಕತೆ ಓದಿ ಹೇಳಿ, ಬೆರಳು ಸಾಲಿನ ಕೆಳಗಿರಲಿ. ಶಬ್ದ ಒಡೆದು ಚಪ್ಪಾಳೆ ತಟ್ಟಿಸಿ: ರೊ-ಟ್ಟಿ, ಅ-ವ್ವ. ಕೂಸು ಆಡಿದ ಮಾತನ್ನು ಆಡಿದ ಹಾಗೆಯೇ ಪಾಟಿಯ ಮೇಲೆ ಬರೆದು, ಅದನ್ನೇ ಓದಿಸಿ. ಅಕ್ಷರ ಕಲಿಸುವುದನ್ನೂ ಬಿಡಬೇಡಿ. ಯಾವ ಅಕ್ಷರಕ್ಕೆ ಯಾವ ಸಪ್ಪಳ ಎಂದು ಬಿಡಿಸಿ ಹೇಳಿಕೊಡದೆ ಓದು ತಾನಾಗಿ ಬರುವುದಿಲ್ಲ. ಕೈ ಎತ್ತಬೇಡಿ. ದಡ್ಡ ಎಂಬ ಶಬ್ದ ನಿಮ್ಮ ಬಾಯಲ್ಲಿ ಬರಬಾರದು.

ಇದರ ಜೊತೆಗೆ ಸಾಲಿಯನ್ನು ಬಿಡಬೇಡಿ. ಒಂದನೇ ಇಯತ್ತೆಗೆ ಬೇರೆ ಕೆಲಸವಿಲ್ಲದ ಅಕ್ಕೋರು ಬೇಕು, ಕಪಾಟಿನ ಕೀಲಿ ತೆಗೆದು ಕತೆ ಪುಸ್ತಕ ಕೂಸುಗಳ ಕೈಗೆ ಕೊಡಬೇಕು, ನಾಲ್ಕೈದನೇ ಇಯತ್ತೆಯಲ್ಲೂ ಓದು ಕಲಿಸುತ್ತಿರಬೇಕು ಎಂದು ಗುಂಪಾಗಿ ಹೋಗಿ ಕೇಳಿ. ಬೇಡುವುದಲ್ಲ, ಕೇಳುವುದು.

1856ರಲ್ಲಿ ಆ ಹುಡುಗ ಒಬ್ಬನೇ ಹೋಗಿದ್ದ. ನಾವು ಒಬ್ಬೊಬ್ಬರೇ ಹೋಗಬೇಕಾಗಿಲ್ಲ. ಹಾಳೆ ಹೊರಳಿಸಿದ ಕೂಡಲೇ ಆ ಹುಡುಗಿ ಹೊಸ ಹಾಳೆಯನ್ನೇ ಓದುವ ದಿನ ಬರಬೇಕು. ಅಂದು ಅವರವ್ವ ಹಿಗ್ಗಿದರೆ ಅದು ಖರೇ ಹಿಗ್ಗು.