ಬಣ್ಣ ನೋಡಿ ಗಿಣಿ ತರಬೇಡಿ

ಗಿಣಿ ಸಾಕಿದವರಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಮಾತಾಡ್ತೈತೇನು?’ ಇಲ್ಲ ಅಂದರೆ ಮುಗೀತು, ಆ ಹಕ್ಕಿ ಅವರ ಲೆಕ್ಕದಲ್ಲಿ ಫೇಲ್.

ಇಳಕಲ್ಲಿನ ನಮ್ಮ ಮನೆಯಲ್ಲಿ ನಾಲ್ಕು ಬಜರಿಗರ್ ಇವೆ. ಪೇಟೆಯಲ್ಲಿ ಇವನ್ನೇ ‘ಲವ್ ಬರ್ಡ್ಸ್’ ಅಂತ ಮಾರುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕಾ ಕಡೆಯದು, ಮೋಟು ಬಾಲದ ಗುಂಡು ಹಕ್ಕಿ. ಬಜರಿಗರ್ ಆಸ್ಟ್ರೇಲಿಯಾದ್ದು. ಅಲ್ಲಿನ ಬಯಲಲ್ಲಿ ಇದರ ಬಣ್ಣ ಹಸಿರು-ಹಳದಿ. ನೀಲಿ, ಬಿಳಿ ಎಲ್ಲ ಮನುಷ್ಯರು ಸಾಕಿ, ತಳಿ ಮಾಡಿ ಪಡೆದದ್ದು.

ನಾಲ್ಕಕ್ಕೂ ಒಂದೇ ಪಂಜರ, ಒಂದೇ ನವಣೆ. ಸ್ವಭಾವ ಮಾತ್ರ ನಾಲ್ಕು ದಿಕ್ಕು! ಹಳದಿಯದು ಬಾಗಿಲು ತೆರೆದರೆ ಸಾಕು, ಕೈಮೇಲೆ ಹಾಜರ್. ನೀಲಿಗೆ ಮನುಷ್ಯರ ಸಹವಾಸವೇ ಬೇಡ; ಆದರೆ ಪಕ್ಕದ ಮನೆಯ ಮಗ್ಗ ಶುರುವಾದರೆ ಮೊದಲು ಸಿಳ್ಳೆ ಹಾಕುವುದು ಅದೇ. ಹಸಿರು ಹೆಣ್ಣು ಜಗಳಗಂಟಿ. ಬಿಳಿಯದು ಉಳಿದ ಮೂರೂ ತಿಂದ ಮೇಲೆಯೇ ಬಟ್ಟಲಿಗೆ ಬರುತ್ತದೆ. ಬಣ್ಣ ನೋಡಿ ಗಿಣಿ ಆರಿಸುವುದು ಅಂಗಿ ನೋಡಿ ಗೆಳೆಯನನ್ನು ಆರಿಸಿದ ಹಾಗೆ ಅನ್ನುವುದು ನನ್ನ ವಾದ.

ಇನ್ನು ಮಾತಿನ ವಿಷಯ. ಗಿಣಿಗಳು ಗುಂಪಿನಲ್ಲಿ ಬದುಕುವ ಜೀವಿಗಳು. ತಮ್ಮ ಗುಂಪಿನ ದನಿ ಕಲಿತು, ಅದರಿಂದಲೇ ಒಬ್ಬರನ್ನೊಬ್ಬರು ಕರೆಯುತ್ತವೆ. ಒಂಟಿಯಾಗಿ ಇಟ್ಟ ಗಿಣಿಗೆ ನಾವೇ ಗುಂಪು. ಅದಕ್ಕೇ ಅದು ನಮ್ಮ ದನಿ ಕಲಿಯುತ್ತದೆ. ‘ರಾಮ ರಾಮ’ ಅಂದಾಗ ನಾವು ಚಪ್ಪಾಳೆ ತಟ್ಟುತ್ತೇವೆ. ಅದು ಕರೆಯುತ್ತಿರುವುದು ಸಂಗಾತಿಯನ್ನು.

ನಮ್ಮ ಊರಿನ ಹಸಿರು ಗಿಣಿಗಳಂತೂ ಪಂಜರಕ್ಕಲ್ಲ. ಅವೂ ಎಲ್ಲ ಒಂದೇ ಅಲ್ಲ. ಕತ್ತಿನಲ್ಲಿ ಕಪ್ಪು-ಗುಲಾಬಿ ಉಂಗುರ ಇದ್ದರೆ ಅದು ದೊಡ್ಡದಾದ ಗಂಡು, ಹೆಣ್ಣಿಗೆ ಆ ಉಂಗುರ ಇಲ್ಲ. ಇನ್ನೊಂದು ಜಾತಿಯಲ್ಲಿ ಗಂಡಿನ ತಲೆಯೇ ನೇರಳೆ-ಗುಲಾಬಿ ಬಣ್ಣ. ಹುನಗುಂದದ ಎರೆಹೊಲದಲ್ಲಿ ಜೋಳದ ತೆನೆಗೆ ಮುತ್ತಿ ರೈತರಿಂದ ಬೈಸಿಕೊಳ್ಳುವವೂ, ಅಜ್ಜಿಯರ ಸೀರೆಯ ಕಸೂತಿಯಲ್ಲಿ ಕೂತಿರುವವೂ ಗಿಣಿಗಳೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇವನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ನಮ್ಮಂಥವರ ಮೇಲೆ ಇಂಥ ಕೇಸ್ ಯಾಕೆ ಬೇಕು ಹೇಳಿ?

ಹಾಗಾದರೆ ವಿದೇಶಿ ಗಿಣಿ ತರಬಹುದಲ್ಲ ಅಂತೀರಿ. ತರಬಹುದು, ಕೆಲವಕ್ಕೆ ನೋಂದಣಿ ಬೇಕು. ಆದರೆ ಅದಕ್ಕೂ ಮುಂಚೆ ಆಯುಷ್ಯದ ಲೆಕ್ಕ ಹಾಕಿ. ಬಜರಿಗರ್ ಐದರಿಂದ ಹತ್ತು ವರ್ಷ ಬದುಕುತ್ತದೆ. ತಲೆಯ ಜುಟ್ಟು ಎತ್ತಿ ಇಳಿಸಿ ತನ್ನ ಮನಸ್ಸು ತೋರಿಸುವ ಕಾಕಟೀಲ್ ಹದಿನೈದು ವರ್ಷ ದಾಟಬಹುದು. ಚೆನ್ನಾಗಿ ನೋಡಿಕೊಂಡರೆ ಆಫ್ರಿಕನ್ ಗ್ರೇ ನಲವತ್ತೂ ದಾಟುತ್ತದೆ. ನಾವೋ, ಇಂದು ಬಾಗಲಕೋಟೆಯ ಕೋಚಿಂಗ್‌ನಲ್ಲಿ, ನಾಳೆ ಬೆಂಗಳೂರಿನ ಪಿ.ಜಿ.ಯಲ್ಲಿ. ನನ್ನ ಗೆಳೆಯನೊಬ್ಬನಿಗೆ ನೌಕರಿ ಸಿಕ್ಕಿತು, ಕಾಕಟೀಲ್ ಊರಲ್ಲೇ ಉಳಿಯಿತು. ಮನೆಯವರು ಕಾಳು-ನೀರಿಗೆ ಕೊರತೆ ಮಾಡಲಿಲ್ಲ. ಆದರೂ ಅದು ತನ್ನ ಎದೆಯ ಪುಕ್ಕ ತಾನೇ ಕಿತ್ತುಕೊಳ್ಳತೊಡಗಿತು. ಅದು ಕಾಯುತ್ತಿದ್ದದ್ದು ಕಾಳಿಗಲ್ಲ.

ಆದ್ದರಿಂದ ಗೆಳೆಯರೇ, ಸಾಕುವ ಆಸೆ ಇದ್ದರೆ ‘ಮುಂದಿನ ಹತ್ತು ವರ್ಷ ಇದರ ಜೊತೆ ಯಾರಿರುತ್ತಾರೆ?’ ಅಂತ ಮೊದಲು ಮನೆಯಲ್ಲಿ ಕೇಳಿ. ಉತ್ತರ ಗಟ್ಟಿ ಇದ್ದರೆ, ಅಂಗಡಿಯಲ್ಲಿ ಪಂಜರದ ಮುಂದೆ ಅರ್ಧ ತಾಸು ಸುಮ್ಮನೆ ಕೂತು ನೋಡಿ, ಆಮೇಲೆ ಜೋಡಿಯನ್ನೇ ತನ್ನಿ. ಉತ್ತರ ಇಲ್ಲದಿದ್ದರೆ ಬೆಳಗಿನ ಬಸ್ ಹತ್ತಿ ಬಾದಾಮಿಗೆ ಹೋಗಿ. ಅಗಸ್ತ್ಯ ತೀರ್ಥದ ದಂಡೆಯಲ್ಲಿ ಕೂತರೆ ಕೆಂಪು ಬಂಡೆಗಳ ಮುಂದೆ ಕಿರುಚುತ್ತ ಹಾರುವ ಗಿಣಿಗಳು ಕಾಣುತ್ತವೆ. ಅವನ್ನು ನೋಡಲು ಲೈಸೆನ್ಸೂ ಬೇಡ, ನೌಕರಿಯೂ ಬೇಡ.