ಕೊಯ್ಯದೆ ಅರಿಯುವ ಬಗೆ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಬೆರಳಿನಿಂದ ಬಡಿದು ನಾದವನ್ನು ಆಲಿಸುವಳಷ್ಟೆ. ವಿಮಾನದ ಟೈರಾದರೋ ಬಡಿದರೆ ಮಾತನಾಡದು. ಕೊಯ್ದು ನೋಡಿದರೆ ಉಳಿಯದು. ಸವೆದ ಟೈರಿಗೆ ಹೊಸ ರಬ್ಬರಿನ ಹೊದಿಕೆಯನ್ನು ಹಾಕಿ ಹಲವು ಸಲ ಬಳಸುವ ಪದ್ಧತಿಯುಂಟು. ಒಳಪದರಗಳು ಎಲ್ಲಿಯಾದರೂ ಬಿಟ್ಟುಕೊಂಡಿದ್ದರೆ, ನೆಲವನ್ನು ಮುಟ್ಟುವಾಗ ಟೈರು ಸೀಳೀತು. ವಿಮಾನದೊಳಗೆ ಕುಳಿತವರ ಗತಿಯೇನು?

ಇಲ್ಲಿ ಲೇಸರ್ ಬೆಳಕು ನೆರವಾಗುವುದು. ಅದರ ಅಲೆಗಳು ಹೆಜ್ಜೆ ತಪ್ಪದೆ ಸಾಗುವುವು. ಉಬ್ಬಿಗೆ ಉಬ್ಬು ಸೇರಿದಲ್ಲಿ ಬೆಳಕು, ಉಬ್ಬಿಗೆ ತಗ್ಗು ಸೇರಿದಲ್ಲಿ ಕತ್ತಲೆ. ಬೆಳಕಿಗೆ ಬೆಳಕನ್ನು ಕೂಡಿಸಿ ಕತ್ತಲೆಯನ್ನು ಪಡೆಯುವ ಈ ಲೆಕ್ಕವು ನಮಗೆ ಇಂದಿಗೂ ಸೋಜಿಗವೇ! ಅಲೆಗಳನ್ನೇ ಅಚ್ಚೊತ್ತಿಸಿಕೊಳ್ಳುವ ಹಾಲೊಗ್ರಾಮ್ ಎಂಬ ಚಿತ್ರದಿಂದ ವಸ್ತುವಿನ ಕಂಪನವನ್ನು ಅಳೆಯುವ ಮಾರ್ಗವನ್ನು ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾನಿಲಯದ ಪವೆಲ್ ಮತ್ತು ಸ್ಟೆಟ್ಸನ್ ಎಂಬವರು 1965ರಲ್ಲಿ ಪ್ರಕಟಿಸಿದರು.

ಟೈರನ್ನು ಮುಚ್ಚಿದ ಕೋಷ್ಠದಲ್ಲಿರಿಸಿ ಒಂದು ಚಿತ್ರವನ್ನು ತೆಗೆಯುವರು. ಗಾಳಿಯನ್ನು ಕಡಮೆ ಮಾಡಿ ಇನ್ನೊಂದನ್ನು. ಹೊರಗಿನ ಒತ್ತಡವು ಇಳಿಯಲು, ಬಿಟ್ಟುಕೊಂಡ ಪದರದಲ್ಲಿ ಸಿಕ್ಕಿದ ಗಾಳಿಯು ಹಿಗ್ಗಿ ಮೇಲ್ಮೈಯನ್ನು ತುಸು ಉಬ್ಬಿಸುವುದು. ಎರಡು ಚಿತ್ರಗಳನ್ನೂ ಕೂಡಿಸಿದರೆ ಆ ಸ್ಥಳದಲ್ಲಿ ಬಳೆ ಬಳೆಯಾಗಿ ಪಟ್ಟೆಗಳು ಮೂಡುವುವು. ಕೆಂಪು ಲೇಸರಿನಲ್ಲಿ ಪಟ್ಟೆಯಿಂದ ಪಟ್ಟೆಗೆ ಮೇಲ್ಮೈಯ ಏರಿಕೆಯು ಮಿಲಿಮೀಟರಿನ ಸುಮಾರು 3000ದಲ್ಲಿ ಒಂದು ಪಾಲು ಮಾತ್ರ! ಬಳೆಗಳು ಮಿತಿಮೀರಿ ಕಂಡ ಟೈರನ್ನು ತೆಗೆದಿಡುವರು. ಉಳಿದುದು ಗಾಯವಿಲ್ಲದೆ ಗಾಲಿಗೆ ಮರಳುವುದು.