ಮಗು ಏನು ಕಲಿತಿದೆ? ನಮಗೆ ತಿಳಿಯುವ ಮಾತಿನಲ್ಲಿ ಹೇಳಿ!

ಥಾಣೆಯ ಮಾಜಿವಾಡಾ, ಕಾಪೂರ್‌ಬಾವಡಿ, ಬಾಲ್ಕುಮ್, ಕೊಲ್ಶೇತ್, ಮಾನ್‌ಪಾಡಾ ಪರಿಸರದ ಕನ್ನಡ ತಾಯಂದಿರಿಗೆ, ತಂದೆಯರಿಗೆ, ಅಜ್ಜ-ಅಜ್ಜಿಯರಿಗೆ ಒಂದು ಕರೆ



ಶಾಲೆಯ ಓಪನ್ ಹೌಸ್ ಎಂದರೆ ನಮ್ಮಲ್ಲಿ ಒಬ್ಬರು ಆ ದಿನದ ಕೂಲಿ ಬಿಡುತ್ತಾರೆ, ಇನ್ನೊಬ್ಬರು ಹೋಟೆಲಿನ ಡ್ಯೂಟಿ ಬದಲಿಸಿಕೊಳ್ಳುತ್ತಾರೆ, ಮತ್ತೊಬ್ಬರು ಆಫೀಸಿಗೆ ಅರ್ಧ ದಿನ ರಜೆ ಹಾಕುತ್ತಾರೆ. ಶಾಲೆಯಲ್ಲಿ ಕೈಗೆ ರಿಪೋರ್ಟ್ ಕಾರ್ಡ್ ಬರುತ್ತದೆ. ಅದರ ತುಂಬ ಫಾರ್ಮೇಟಿವ್, ಸಮ್ಮೇಟಿವ್, ಲರ್ನಿಂಗ್ ಔಟ್‌ಕಮ್, ಕಾಂಪಿಟೆನ್ಸಿ, ಹೋಲಿಸ್ಟಿಕ್ ಎಂಬ ಪದಗಳು. ಟೀಚರ್ ಎರಡು ನಿಮಿಷ ಮಾತಾಡುತ್ತಾರೆ. ನಾವು ತಲೆಯಾಡಿಸಿ ಸಹಿ ಹಾಕಿ ಹೊರಗೆ ಬರುತ್ತೇವೆ. ಮಗು ಒಂದು ಪುಟವನ್ನು ತಾನಾಗಿ ಓದುತ್ತದೆಯೇ, ಕಳೆಯುವ ಲೆಕ್ಕ ಮಾಡುತ್ತದೆಯೇ, ಎಲ್ಲಿ ತಡವರಿಸುತ್ತಿದೆ ಎಂಬುದು ಮಾತ್ರ ನಮಗೆ ತಿಳಿದಿರುವುದಿಲ್ಲ.

ಇದಕ್ಕೆ ನಾಚಿಕೊಳ್ಳಬೇಡಿ. ಮಗುವಿನ ಕಲಿಕೆ ಎಲ್ಲಿಗೆ ಬಂದಿದೆ ಎಂದು ಮನೆಯವರಿಗೆ ತಿಳಿಯುವ ಹಾಗೆ ಹೇಳುವುದು ಶಾಲೆಯ ಕೆಲಸ. ತಿಳಿಯದಿದ್ದರೆ ಮತ್ತೆ ಕೇಳುವುದು ನಮ್ಮ ಹಕ್ಕು. ಆ ಹಕ್ಕನ್ನು ಎಲ್ಲರೂ ಸೇರಿ ಚಲಾಯಿಸೋಣ ಎಂದು ಕೇಳಿಕೊಳ್ಳುವುದಕ್ಕೇ ಈ ಕರಪತ್ರ.

■ ಪದಗಳಿಗೂ ಒಂದು ಕೆಲಸವಿದೆ

ನ್ಯಾಯವಾಗಿ ಮಾತಾಡೋಣ. ಎಲ್ಲ ವೃತ್ತಿಗೂ ತನ್ನದೇ ಪದಗಳು ಬೇಕು. ಹೋಟೆಲಿನ ಅಡುಗೆಮನೆಯಲ್ಲಿ ಭಟ್ಟರೂ ಸಪ್ಲೈಯರ್‌ಗಳೂ ತಮ್ಮೊಳಗೆ ಅರ್ಧ ಮಾತಿನಲ್ಲೇ ಎಲ್ಲ ಮುಗಿಸುತ್ತಾರೆ. ಗಿರಾಕಿಯ ಕೈಗೆ ಹೋಗುವ ಬಿಲ್ಲು ಮಾತ್ರ ಗಿರಾಕಿಗೆ ತಿಳಿಯಬೇಕು. ಶಿಕ್ಷಕರು ಸ್ಟಾಫ್ ರೂಮಿನಲ್ಲಿ ತಮ್ಮ ಪರಿಭಾಷೆ ಬಳಸಲಿ, ಅದರಿಂದ ಅವರ ಕೆಲಸ ಚುರುಕಾಗುತ್ತದೆ. ನಮ್ಮ ಕೈಗೆ ಬರುವ ಕಾಗದದ ಮಾತು ಬೇರೆ.

ಒಂದು ಉದಾಹರಣೆ ನೋಡಿ. ಫಾರ್ಮೇಟಿವ್ ಎಂಬ ಪದವನ್ನು ಮೌಲ್ಯಮಾಪನಕ್ಕೆ ತಂದವರು ಮೈಕೆಲ್ ಸ್ಕ್ರಿವೆನ್, 1967ರಲ್ಲಿ. ಶಾಲೆಯ ಮಟ್ಟಿಗೆ ಅದರ ಅರ್ಥ ಇಷ್ಟೇ: ಮಗು ಕಲಿಯುತ್ತಿರುವಾಗಲೇ ಗಮನಿಸಿ, ಎಡವಿದಲ್ಲೇ ತಿದ್ದುವುದು. ಎಲ್ಲ ಮುಗಿದ ಮೇಲೆ ಅಳೆದು ಅಂಕ ಕೊಡುವುದು ಸಮ್ಮೇಟಿವ್. ನಡುನಡುವೆ ತಿದ್ದುವ ಈ ಪದ್ಧತಿಯಿಂದ ಮಕ್ಕಳ ಕಲಿಕೆ, ಅದರಲ್ಲೂ ಹಿಂದುಳಿದ ಮಕ್ಕಳ ಕಲಿಕೆ, ನಿಜಕ್ಕೂ ಮೇಲೇರುತ್ತದೆ ಎಂದು ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ಹತ್ತಾರು ಅಧ್ಯಯನಗಳನ್ನು ಜೋಡಿಸಿ ತೋರಿಸಿದರು. ವಿಚಾರ ಒಳ್ಳೆಯದೇ.

ನಮ್ಮ ಶಾಲೆಗಳಲ್ಲಿ ಅದಕ್ಕೆ ಆದ ಗತಿ ಏನು? ಸಿಬಿಎಸ್‌ಇ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದಿತು. ಬಹಳ ಕಡೆ ಅದು ವರ್ಷಕ್ಕೆ ನಾಲ್ಕು ಎಫ್‌ಎ (ಫಾರ್ಮೇಟಿವ್), ಎರಡು ಎಸ್‌ಎ (ಸಮ್ಮೇಟಿವ್) ಎಂಬ ಪರೀಕ್ಷೆಗಳ ಪಟ್ಟಿಯಾಗಿ ಉಳಿಯಿತು. ಪ್ರಾಜೆಕ್ಟ್ ಫೈಲುಗಳನ್ನು ಅಮ್ಮಂದಿರು ರಾತ್ರಿ ಕೂತು ಅಂಟಿಸಿದರು. ತಿದ್ದುವ ಕೆಲಸ ಮರೆಯಾಯಿತು, ಪದ ಉಳಿಯಿತು. 2017ರಲ್ಲಿ ಸಿಬಿಎಸ್‌ಇ ಆ ಪದ್ಧತಿಯನ್ನೇ ಕೈಬಿಟ್ಟಿತು. ಪದವನ್ನು ಒಪ್ಪಿಕೊಂಡು ಕೆಲಸವನ್ನು ಬಿಟ್ಟರೆ ನಷ್ಟ ಆಗುವುದು ಮಗುವಿಗೆ.

■ ಪದಗಳಿಂದ ನಮ್ಮನ್ನು ಮರುಳು ಮಾಡುವುದು ಎಲ್ಲಿ?

ಮೊದಲನೆಯದು, ರಿಪೋರ್ಟ್ ಕಾರ್ಡಿನಲ್ಲಿ. "ಡೆವಲಪಿಂಗ್", "ಪ್ರೊಗ್ರೆಸಿಂಗ್", "ನೀಡ್ಸ್ ಸ್ಕೆಫೋಲ್ಡಿಂಗ್" ಎಂದು ಬರೆದರೆ ಮಗು ಓದುತ್ತದೋ ಇಲ್ಲವೋ ತಿಳಿಯುವುದಿಲ್ಲ. ಸೊಗಸಾದ ಪದದ ಕೆಳಗೆ ಒಂದು ಕೊರತೆ ಮೂರು ವರ್ಷ ಅಡಗಿ ಕೂರಬಹುದು. ಐದನೇ ತರಗತಿಗೆ ಬಂದಾಗ ಅದು ಹೊರಬೀಳುತ್ತದೆ, ಅಷ್ಟರಲ್ಲಿ ಮಗು ತನ್ನನ್ನೇ ದಡ್ಡ ಎಂದು ನಂಬಿರುತ್ತದೆ.

ಎರಡನೆಯದು, ಅಡ್ಮಿಷನ್ ಬ್ಯಾನರಿನಲ್ಲಿ. ಘೋಡ್‌ಬಂದರ್ ರಸ್ತೆಯಲ್ಲಿ, ರಿಕ್ಷಾಗಳ ಬೆನ್ನ ಮೇಲೆ ಕಾಣುವ ಪದಗಳನ್ನು ಗಮನಿಸಿ: ಇಂಟರ್‌ನ್ಯಾಷನಲ್, ಟೆಕ್ನೋ, ಗ್ಲೋಬಲ್, ಸ್ಮಾರ್ಟ್, ಸಿಬಿಎಸ್‌ಇ ಪ್ಯಾಟರ್ನ್. ಹೆಸರಿನಲ್ಲಿ ಇಂಟರ್‌ನ್ಯಾಷನಲ್ ಇದ್ದ ಮಾತ್ರಕ್ಕೆ ಅಲ್ಲಿ ಹೊರದೇಶದ ಬೋರ್ಡಿನ ಪಾಠ ಇರುತ್ತದೆ ಎಂದಿಲ್ಲ. ಪ್ಯಾಟರ್ನ್ ಎಂದರೆ ಸಿಬಿಎಸ್‌ಇಯ ಮಾನ್ಯತೆ ಎಂದಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 18ನೇ ಕಲಮಿನ ಪ್ರಕಾರ ಮಾನ್ಯತಾ ಪತ್ರವಿಲ್ಲದೆ ಶಾಲೆ ನಡೆಸುವಂತೆಯೇ ಇಲ್ಲ. ನಡೆಸಿದರೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಆಮೇಲೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ. ಬ್ಯಾನರಿನ ಪದ ಬಿಡಿ, ಮಾನ್ಯತಾ ಪತ್ರ ತೋರಿಸಿ ಎನ್ನಿ.

ಮೂರನೆಯದು, ವಿಜ್ಞಾನದ ವೇಷದಲ್ಲಿ. ಬೆರಳಚ್ಚು ತೆಗೆದು ಮಗು ಡಾಕ್ಟರ್ ಆಗುತ್ತದೋ ಎಂಜಿನಿಯರ್ ಆಗುತ್ತದೋ ಹೇಳುತ್ತೇವೆ ಎಂಬ ಡಿಎಂಐಟಿ ಪರೀಕ್ಷೆಗೆ ಸಾವಿರಾರು ರೂಪಾಯಿ ಕೇಳುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮುಂದಿಟ್ಟ ಬಹುಬುದ್ಧಿಮತ್ತೆಯ ವಿಚಾರದ ಹೆಸರನ್ನು ಅದಕ್ಕೆ ಅಂಟಿಸಿದ್ದಾರೆ. ಬೆರಳಿನ ಗೆರೆಯಿಂದ ಬುದ್ಧಿಯನ್ನು ಅಳೆಯಬಹುದು ಎನ್ನುವುದಕ್ಕೆ ವೈಜ್ಞಾನಿಕ ಆಧಾರವೇ ಇಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದಿಸುತ್ತೇವೆ ಎನ್ನುವ ಮಿಡ್‌ಬ್ರೇನ್ ಆ್ಯಕ್ಟಿವೇಶನ್ ಕೂಡ ಇದೇ ಜಾತಿಯದು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರು ತಿರುಗಿ, ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುವುದನ್ನು ತೋರಿಸಿಕೊಟ್ಟಿದ್ದಾರೆ. ನಿಮ್ಮ ಮಗು ವಿಶುವಲ್ ಲರ್ನರ್, ಅದಕ್ಕೆ ಬೇರೆಯೇ ಕೋರ್ಸ್ ಬೇಕು ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ಈ ಕಲಿಕಾ ಶೈಲಿಗಳ ವಾದವನ್ನು ಪರಿಶೀಲಿಸಿದಾಗ, ಹಾಗೆ ವಿಂಗಡಿಸಿ ಕಲಿಸುವುದನ್ನು ಸಮರ್ಥಿಸುವಷ್ಟು ಪುರಾವೆ ಅವರಿಗೆ ಸಿಗಲಿಲ್ಲ.

ನಾಲ್ಕನೆಯದು, ಫೀ ರಸೀದಿಯಲ್ಲಿ. ಆ್ಯಕ್ಟಿವಿಟಿ, ಎನ್‌ರಿಚ್‌ಮೆಂಟ್, ಡಿಜಿಟಲ್ ಲರ್ನಿಂಗ್ ಎಂಬ ಒಂದೊಂದು ಸಾಲಿಗೂ ಒಂದೊಂದು ಮೊತ್ತ. ಆ ಹಣಕ್ಕೆ ಮಗುವಿಗೆ ವಾರದಲ್ಲಿ ಏನು ಸಿಗುತ್ತದೆ ಎಂದು ಕೇಳುವ ಅಧಿಕಾರ ನಮಗಿದೆ. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯ್ದೆ ಪಾಲಕ-ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಗೆ ಶುಲ್ಕದ ವಿಷಯದಲ್ಲಿ ಮಾತಾಡುವ ಅಧಿಕಾರ ಕೊಟ್ಟಿದೆ.

■ ನಮಗೆ ಈ ಹೊರೆ ಮೂರು ಪಟ್ಟು

ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ. ಬೀದಿಯಲ್ಲಿ ಮರಾಠಿ, ಹಿಂದಿ. ಶಾಲೆಯ ಕಾಗದದಲ್ಲಿ ಇಂಗ್ಲಿಷ್. ಒಂದೇ ವಿಚಾರ ಇಂಗ್ಲಿಷಿನಲ್ಲಿ ಫಾರ್ಮೇಟಿವ್, ಮರಾಠಿ ಪ್ರಗತಿ ಪುಸ್ತಕದಲ್ಲಿ ಆಕಾರಿಕ ಮೂಲ್ಯಮಾಪನ, ಕರ್ನಾಟಕದಲ್ಲಿ ಓದುವ ತಂಗಿಯ ಮಗಳ ಅಂಕಪಟ್ಟಿಯಲ್ಲಿ ರೂಪಣಾತ್ಮಕ ಮೌಲ್ಯಮಾಪನ. ಮೂರರಲ್ಲೂ ಸಾಮಾನ್ಯ ತಾಯಿಗೆ ದಾರಿ ಸಿಗುವುದಿಲ್ಲ. ಹಾಗಾಗಿ ಇಂಗ್ಲಿಷ್ ಪದ ತೆಗೆದು ಕನ್ನಡದ ಕಠಿಣ ಪದ ಹಾಕಿ ಎಂದು ನಾವು ಕೇಳುತ್ತಿಲ್ಲ. ಮಗು ಏನು ಮಾಡಬಲ್ಲದು ಎಂದು ಹೇಳಿ ಎನ್ನುತ್ತಿದ್ದೇವೆ.

ಕನ್ನಡದಲ್ಲಿ ಇದು ಆಗದ ಮಾತಲ್ಲ. ಶಿವರಾಮ ಕಾರಂತರು ಬಾಲಪ್ರಪಂಚದಲ್ಲಿ ಲೋಕದ ಜ್ಞಾನವನ್ನೆಲ್ಲ ಮಕ್ಕಳ ಕೈಗೆಟಕುವ ಮಾತಿನಲ್ಲಿ ಇಟ್ಟರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರ ಹೊತ್ತಿಗೆ ಶಿಕ್ಷಕರೇ ಕೂಡಿ ಕಟ್ಟಿದ ಕಲಿಕೆಯ ಪದ್ಧತಿಗೆ ನಲಿಕಲಿ ಎಂದು ಹೆಸರಿಟ್ಟರು. ಆ ಹೆಸರು ಯಾವ ತಾಯಿಗೂ ಅರ್ಥವಾಗುತ್ತದೆ. ನಮ್ಮ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲಿಡೀ ಹೋಟೆಲಿನಲ್ಲಿ ದುಡಿದ ಹುಡುಗರು ಎಸ್‌ಎಸ್‌ಸಿ ಪಾಸಾದರು, ಮುಂದೆ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಉದ್ಯಮಿಗಳೂ ಆದರು. ದಣಿದು ಬಂದ ಹುಡುಗನ ಎದುರು ಮೇಷ್ಟ್ರು ನೇರವಾಗಿಯೇ ಮಾತಾಡಬೇಕಿತ್ತು.

■ ಸರಳವಾಗಿ ಅಳೆಯಬಹುದು, ಸರಳವಾಗಿ ಹೇಳಬಹುದು

1995ರಲ್ಲಿ ಇದೇ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸ ಶುರುಮಾಡಿದ ಪ್ರಥಮ್ ಸಂಸ್ಥೆ 2005ರಿಂದ ಗ್ರಾಮೀಣ ಭಾರತದಲ್ಲಿ ಅಸರ್ ಸಮೀಕ್ಷೆ ನಡೆಸುತ್ತಿದೆ. ಅದರ ಸಾಧನ ಒಂದು ಹಾಳೆ: ಅಕ್ಷರ, ಪದ, ನಾಲ್ಕು ಸಾಲು, ಒಂದು ಸಣ್ಣ ಕಥೆ. ಮಗುವನ್ನು ಮನೆಯಲ್ಲೇ ಓದಿಸಿ ನೋಡುತ್ತಾರೆ. ಐದನೇ ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಎಂದು ದೇಶಕ್ಕೆ ಗೊತ್ತಾಗಿದ್ದು ಈ ಹಾಳೆಯಿಂದ.

ಸರ್ಕಾರದ ನಿಪುಣ್ ಭಾರತ್ ಯೋಜನೆ, 2021ರ ಜುಲೈಯಲ್ಲಿ ಶುರುವಾದದ್ದು, ಹೆಸರಿನಲ್ಲಿ ಭಾರಿಯಾಗಿದೆ. ಅದರ ಗುರಿಗಳನ್ನು ಬಿಡಿಸಿದರೆ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು:

• ಒಂದನೇ ತರಗತಿಯ ಕೊನೆಗೆ: ನಾಲ್ಕೈದು ಸುಲಭ ಪದಗಳಿರುವ ಹೊಸ ವಾಕ್ಯ ಓದಬೇಕು; 99ರವರೆಗಿನ ಸಂಖ್ಯೆ ಓದಿ ಬರೆಯಬೇಕು.
• ಎರಡನೆಯದರ ಕೊನೆಗೆ: ನಿಮಿಷಕ್ಕೆ 45ರಿಂದ 60 ಪದ ಓದಬೇಕು, 999ರವರೆಗಿನ ಸಂಖ್ಯೆ, 99ರೊಳಗಿನ ಕಳೆಯುವ ಲೆಕ್ಕ ಬರಬೇಕು.
• ಮೂರನೆಯದರ ಕೊನೆಗೆ: ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ಮಾಡಿಕೊಂಡು ಓದಬೇಕು, 9,999ರವರೆಗಿನ ಸಂಖ್ಯೆ, ಸುಲಭ ಗುಣಾಕಾರ ಬರಬೇಕು.

ಓದು ಬಾರದ ತಾಯಿಯೂ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಓದಿದ್ದನ್ನು ನನಗೆ ಹೇಳು ಮಗಾ ಎನ್ನಬಹುದು. ಓದಿದ್ದು ಮಗುವಿಗೆ ಅರ್ಥವಾಗಿದೆಯೋ ಇಲ್ಲವೋ ಅಷ್ಟರಲ್ಲೇ ತಿಳಿಯುತ್ತದೆ.

■ ಕಾನೂನು ನಮ್ಮ ಕಡೆಗಿದೆ

2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಮು ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪಾಲಕರ ಸಭೆಯನ್ನು ನಿಯಮಿತವಾಗಿ ಕರೆದು ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸುವುದೂ ಅದರಲ್ಲಿದೆ. ಪಾಲಕರಿಗೆ ಅರ್ಥವಾಗದ ಮಾತಿನಲ್ಲಿ ಹೇಳಿದರೆ ತಿಳಿಸಿದಂತಾಗುವುದಿಲ್ಲ. ಸರ್ಕಾರಿ, ನಗರಪಾಲಿಕೆ ಮತ್ತು ಅನುದಾನಿತ ಶಾಲೆಗಳ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 21ನೇ ಕಲಮು ಹೇಳುತ್ತದೆ. ಆ ಕುರ್ಚಿಗಳನ್ನು ಖಾಲಿ ಬಿಡಬೇಡಿ.

ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಥಾಣೆ, ಡೊಂಬಿವಲಿ, ನವಿಮುಂಬಯಿಯಲ್ಲಿ ಶಾಲೆ ನಡೆಸುತ್ತಿರುವ ನಮ್ಮ ಹಿರಿಯರೇ, ಕಾನೂನು ನಿಮ್ಮನ್ನು ಬಿಟ್ಟರೂ ಮಕ್ಕಳ ಮೇಲಿನ ಅಕ್ಕರೆ ಬಿಡದಿರಲಿ. ಪಾಲಕರೊಡನೆ ತಿಳಿಮಾತಿನಲ್ಲಿ ಮಾತಾಡುವ ಪದ್ಧತಿ ನಿಮ್ಮ ಶಾಲೆಗಳಿಂದಲೇ ಶುರುವಾಗಲಿ.

■ ಮುಂದಿನ ಓಪನ್ ಹೌಸ್‌ನಲ್ಲಿ ಇದನ್ನು ಮಾಡೋಣ

1. ಪದ ತಿಳಿಯದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಮರಾಠಿ ಟೀಚರ್ ಆದರೆ, "ಸೋಪ್ಯಾ ಭಾಷೇತ್ ಸಾಂಗಾ" ಎಂದು ವಿನಯದಿಂದ ಹೇಳಿ. ಅದನ್ನು ಕೇಳಿ ಒಳ್ಳೆಯ ಟೀಚರ್ ಸಿಟ್ಟಾಗುವುದಿಲ್ಲ.

2. ಮೂರೇ ಪ್ರಶ್ನೆ ಕೇಳಿ: ನನ್ನ ಮಗು ಈಗ ತಾನಾಗಿ ಏನು ಮಾಡಬಲ್ಲದು? ಎಲ್ಲಿ ಎಡವುತ್ತಿದೆ? ಮುಂದಿನ ತಿಂಗಳು ಶಾಲೆ ಏನು ಮಾಡುತ್ತದೆ, ಮನೆಯಲ್ಲಿ ನಾವು ಏನು ಮಾಡಬೇಕು?

3. ಉತ್ತರ ಸಿಗುವವರೆಗೆ ಸಹಿ ಹಾಕಬೇಡಿ. ಸಿಕ್ಕ ಉತ್ತರವನ್ನು ಡೈರಿಯಲ್ಲಿ ಬರೆಸಿಕೊಳ್ಳಿ, ಮುಂದಿನ ಸಲ ಅದನ್ನೇ ತೆರೆದು ಕೇಳಿ.

4. ರಿಪೋರ್ಟ್ ಕಾರ್ಡಿನ ಜೊತೆ ಮಗು ಮಾಡಬಲ್ಲ ಕೆಲಸಗಳನ್ನು ಬರೆದ ಒಂದು ಹಾಳೆ ಕೊಡಿ ಎಂದು ಹತ್ತು ಮಂದಿ ಪಾಲಕರು ಕೂಡಿ ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಡಿ.

5. ಹೊಸ ಅಡ್ಮಿಷನ್‌ಗೆ ಹಣ ಕಟ್ಟುವ ಮುನ್ನ ಮಾನ್ಯತಾ ಪತ್ರ ನೋಡಿ. ಬೆರಳಚ್ಚು, ಮಿಡ್‌ಬ್ರೇನ್ ಹೆಸರಿನಲ್ಲಿ ಬಂದವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

6. ಒಂಟಿಯಾಗಿ ಹೋಗಲು ಹಿಂಜರಿಕೆಯಾದರೆ ಪಕ್ಕದ ಮನೆಯ ಅಕ್ಕನನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಕಾಲೇಜು ಓದುತ್ತಿರುವ ಯುವಕ ಯುವತಿಯರೇ, ತಿಂಗಳಿಗೊಂದು ಭಾನುವಾರ ನಿಮ್ಮ ಬಿಲ್ಡಿಂಗಿನ, ಚಾಳಿನ ಪಾಲಕರ ಜೊತೆ ಕೂತು ಶಾಲೆಯ ಕಾಗದಗಳನ್ನು ಓದಿ ಹೇಳಿ.

■ ಶಿಕ್ಷಕ ಬಂಧುಗಳಿಗೆ

ನಿಮ್ಮ ಮೇಲಿನ ಹೊರೆ ನಮಗೆ ಗೊತ್ತು. ಮೇಲಿನಿಂದ ಬರುವ ಸುತ್ತೋಲೆಗಳು, ತುಂಬಬೇಕಾದ ಕಾಲಮುಗಳು, ವರ್ಷಕ್ಕೊಂದು ಹೊಸ ಪದ, ಎಲ್ಲವನ್ನೂ ಹೊತ್ತೇ ನೀವು ಪಾಠ ಮಾಡುತ್ತಿದ್ದೀರಿ. ನಿಮ್ಮ ವಿರುದ್ಧ ಈ ಕರೆಯಲ್ಲ. ನಮ್ಮ ಮಗುವನ್ನು ನಿಮ್ಮಷ್ಟು ಹತ್ತಿರದಿಂದ ನೋಡುವವರು ಬೇರೆ ಯಾರೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿ. ಕೊರತೆ ಇದ್ದರೆ ಮುಚ್ಚಬೇಡಿ, ನಾವು ಬೇಸರಪಡುವುದಿಲ್ಲ. ಮನೆಯಲ್ಲಿ ನಮ್ಮ ಪಾಲಿನ ಕೆಲಸ ನಾವು ಮಾಡುತ್ತೇವೆ.

ಬಂಧುಗಳೇ, ಈ ಕರಪತ್ರವನ್ನು ಓದಿ ಎಸೆಯಬೇಡಿ. ಪಕ್ಕದ ಮನೆಗೆ ಕೊಡಿ, ಕನ್ನಡ ಓದಲು ಬಾರದವರಿಗೆ ಓದಿ ಹೇಳಿ, ಮರಾಠಿ ಮತ್ತು ಹಿಂದಿಯ ನೆರೆಹೊರೆಗೂ ವಿಷಯ ಮುಟ್ಟಿಸಿ. ಅವರ ಮಕ್ಕಳ ಪಾಡೂ ಇದೇ.

ತಿಳಿಯುವ ಮಾತು ನಮ್ಮ ಹಕ್ಕು!
ಬಣ್ಣದ ಪದ ಬೇಡ, ಮಗುವಿನ ಓದು ತೋರಿಸಿ!
ಕೇಳದೆ ಸಹಿ ಇಲ್ಲ, ತಿಳಿಯದೆ ಫೀ ಇಲ್ಲ!

— ಮಾಜಿವಾಡಾ ಪರಿಸರದ ಕನ್ನಡ ಪಾಲಕರು